ಅಮ್ಮನ ಪೆನ್ನಿಗೆ ಅನ್‌ಡೂ ಇಲ್ಲ

ನಾನು ಈಗ ಹೇಳಲಿರುವುದನ್ನು ನೀವು ನಂಬುವುದಿಲ್ಲ. ಮಾತಾಡುವಾಗ ಒಂದಕ್ಕೆ ಒಂದೂವರೆ ಸೇರಿಸುವ ಅಭ್ಯಾಸ ನನಗೆ ಎಲ್‌ಕೆಜಿಯಿಂದ ಇದೆ. ನಾನು "ನೂರು ಜನ ಇದ್ರು" ಅಂದರೆ ನನ್ನ ಗೆಳತಿಯರು ಮನಸ್ಸಿನಲ್ಲೇ ಅರವತ್ತು ಅಂತ ತಿದ್ದಿಕೊಳ್ಳುತ್ತಾರೆ. ನೀವೂ ಹಾಗೇ ಸ್ವಲ್ಪ ಸ್ವಲ್ಪ ಕಳೆದುಕೊಂಡು ಓದಿ. ಕಳೆದ ಮೇಲೆ ಉಳಿಯುವುದನ್ನೂ ನೀವು ನಂಬುವುದಿಲ್ಲ. ಯಾಕೆಂದರೆ ಹದಿನೇಳು ವರ್ಷದ ಹುಡುಗಿಯೊಬ್ಬಳು, ಅದೂ ಫಸ್ಟ್ ಪಿಯುಸಿ ಸೈನ್ಸ್ ಓದುವವಳು, ಸ್ಟೀಲ್ ಡ್ರಮ್ಮಿನ ಮೇಲೆ ತಪ್ಪು ಗೆರೆ ಕೊರೆದು, ಅದನ್ನು ಎರಡು ಬೆರಳಿಂದ ತಟ್ಟಿ, ಗೆರೆ ಮಾಯವಾಗಲಿ ಅಂತ ಕಾಯುತ್ತ ಕೂತಿದ್ದಳು ಅಂದರೆ ಯಾರು ತಾನೇ ನಂಬುತ್ತಾರೆ?

ನಮ್ಮ ಮನೆಯಲ್ಲಿ ಎರಡು ಪೆನ್ನುಗಳಿದ್ದವು. ಒಂದು ಅಮ್ಮನದು. ಅಜ್ಜಂಪುರದ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ನಮ್ಮದೊಂದು ಪಾತ್ರೆ ಅಂಗಡಿ ಇದೆ. ಬೋರ್ಡಿನ ಮೇಲೆ ಅಪ್ಪನ ಹೆಸರು, ಪಾತ್ರೆಗಳ ಮೇಲೆ ಅಮ್ಮನ ಅಕ್ಷರ. ನಮ್ಮ ಕಡೆ ಮದುವೆಗೋ ಗೃಹಪ್ರವೇಶಕ್ಕೋ ಪಾತ್ರೆ ಕೊಡುವವರು ಅದರ ಮೇಲೆ ಹೆಸರು ಕೊರೆಸದೆ ಕೊಡುವುದಿಲ್ಲ. ಹೆಸರಿಲ್ಲದ ಪಾತ್ರೆ ಕೊಟ್ಟವರನ್ನು ಬರೀ ಊಟಕ್ಕೆ ಬಂದವರು ಅಂತಲೇ ತಿಳಿಯುತ್ತಾರೆ. ಅಮ್ಮ ಕರೆಂಟಿನಲ್ಲಿ ಓಡುವ ಕೊರೆಯುವ ಪೆನ್ನು ಹಿಡಿದು ಕೂತರೆ ಅಂಗಡಿ ತುಂಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಸದ್ದು. ಎದುರಿಗೆ ನಿಂತ ಗಿರಾಕಿಗಳು ತಮಗೇ ಗೊತ್ತಿಲ್ಲದಂತೆ ಬಾಯಿ ಮುಚ್ಚಿಕೊಳ್ಳುತ್ತಾರೆ. ಪೆನ್ಸಿಲಿನ ಗುರುತಿಲ್ಲ, ಅಡಿಗೆರೆ ಇಲ್ಲ, ನೇರ ಪಾತ್ರೆಯ ಮೇಲೇ ಮುತ್ತು ಪೋಣಿಸಿದ ಹಾಗೆ ಅಕ್ಷರಗಳು ಬರುತ್ತವೆ. ಕಡೂರಿನಿಂದ ಲಿಂಗದಹಳ್ಳಿಯವರೆಗೆ ಯಾವ ಮದುವೆ ಊಟಕ್ಕೆ ಹೋದರೂ ನಾನು ನೀರು ಕುಡಿದು ಲೋಟ ತಿರುಗಿಸಿ ಅಮ್ಮನ ಅಕ್ಷರವಾ ಅಂತ ನೋಡುತ್ತೇನೆ. ಒಂದು ಸಲ ಕುಡಿಯುವ ಮೊದಲೇ ತಿರುಗಿಸಿದ್ದೆ. ಪಕ್ಕದಲ್ಲಿ ಕೂತಿದ್ದವರು ರೇಷ್ಮೆ ಸೀರೆ ಉಟ್ಟಿದ್ದರಿಂದ ಆ ಕಥೆ ಬೇಡ.

ಇನ್ನು ನನ್ನ ಅಕ್ಷರ. ಅದು ಅಮ್ಮನ ಅಕ್ಷರಕ್ಕೆ ದಾಯಾದಿ. ಒಂದೇ ಮನೆಯಲ್ಲಿ ಹುಟ್ಟಿದರೂ ಹೋಲಿಕೆ ಇಲ್ಲ, ಮಾತುಕತೆಯೂ ಇಲ್ಲ. ಹಾಗಾಗಿ ಎರಡನೆಯ ಪೆನ್ನು ಬಂದಾಗ ನನಗೆ ಉದ್ಧಾರದ ದಾರಿ ಕಂಡಂತಾಯಿತು.

ಅದು ಬಂದಿದ್ದು ಕಡೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ನನ್ನ ಸೋದರಮಾವನಿಂದ. ಗಾಜಿನ ಹಲಗೆಯಂಥ ಟ್ಯಾಬ್, ಜೊತೆಗೊಂದು ಬಿಳಿ ಪೆನ್ನು. ಮಾವ ಅದರಲ್ಲಿ ಮದುಮಕ್ಕಳ ಮುಖದ ಮೊಡವೆ ಅಳಿಸುತ್ತಿದ್ದರು. ಒಂದು ಸಲ ಹುರುಪಿನಲ್ಲಿ ಗಂಡಿನ ಕೆನ್ನೆಯ ಮಚ್ಚೆಯನ್ನೂ ಅಳಿಸಿಬಿಟ್ಟರು. ಗಂಡಿನ ಅಜ್ಜಿ ಆಲ್ಬಮ್ ನೋಡಿ, "ಇವ್ನು ನಮ್ಮ ಹುಡ್ಗ ಅಲ್ಲ ಕಣಪ್ಪ, ನಮ್ಮವನನ್ನ ಕೊಡು" ಅಂತ ಸ್ಟುಡಿಯೋದಲ್ಲೇ ಕೂತರಂತೆ. ಮಾವ ಗಾಬರಿಯಲ್ಲಿ ಮಚ್ಚೆ ವಾಪಸ್ ಇಟ್ಟರು, ಆದರೆ ಇನ್ನೊಂದು ಕೆನ್ನೆಗೆ. ಮೊನ್ನೆ ಹೊಸ ಟ್ಯಾಬ್ ಕೊಂಡಾಗ ಹಳೆಯದನ್ನು ನನ್ನ ಕೈಗಿಟ್ಟು, "ನೋಟ್ಸ್ ಬರ್ಕೋ" ಅಂದರು.

ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು, ದೋಸೆ ಕಾವಲಿಯ ತಳ ನೋಡುವ ಹಾಗೆ.

"ಇದ್ರಲ್ಲಿ ಏನ್ ಮಾಡ್ತೀಯೆ?"

"ನೋಟ್ಸ್ ಬರೀತೀನಿ. ತರೀಕೆರೆ ಕಾಲೇಜಿಗೆ ದಿನಾ ಬಸ್ಸಲ್ಲಿ ಆರು ಪುಸ್ತಕ ಹೊರೋದು ತಪ್ಪುತ್ತೆ."

"ಎರಡೇ ಅಲ್ವೇನೆ ನೀನು ಹೊರೋದು?"

"ಭಾರ ಆರರಷ್ಟಿರುತ್ತೆ ಅಮ್ಮ."

"ಸರಿ, ಒಂದ್ ತಿಂಗ್ಳು ನೋಡ್ತೀನಿ. ಇದ್ರಿಂದ ಒಂದ್ ಕೆಲ್ಸ, ಒಂದೇ ಒಂದ್ ಕೆಲ್ಸ ಆಗಿದ್ದು ನಂಗೆ ತೋರ್ಸು. ಇಲ್ಲಾಂದ್ರೆ ಬಂದ ದಾರೀಲೇ ಕಡೂರಿಗೆ ಹೋಗುತ್ತೆ."

ಅವತ್ತೇ ನಾನು ಶಪಥ ಮಾಡಿದೆ. ಪ್ರಾಣ ಹೋದರೂ ಸರಿ, ಟ್ಯಾಬ್ ಕಡೂರಿಗೆ ಹೋಗಕೂಡದು. ನಾನು ಶಪಥ ಮಾಡಿದರೆ ಮಾಡಿದ ಹಾಗೇ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಟ್ಯೂಷನ್ ಹೋಗುವುದಿಲ್ಲ ಅಂತ ಮಾಡಿದ್ದ ಶಪಥವನ್ನು ಫಲಿತಾಂಶ ಬರುವ ತನಕ ಪಾಲಿಸಿದ್ದೆ.

ಆ ನೋಟ್ಸ್ ಬರೆಯುವ ಆ್ಯಪಿನಲ್ಲಿ ಏನಿಲ್ಲ ಹೇಳಿ. ಬಾಲ್‌ಪೆನ್ ಇದೆ, ಇಂಕ್‌ಪೆನ್ ಇದೆ, ಪೆನ್ಸಿಲ್ ಇದೆ, ಬ್ರಶ್ ಇದೆ, ಹೈಲೈಟರ್ ಇದೆ. ಬಣ್ಣಗಳಂತೂ ಸೀರೆ ಅಂಗಡಿಯವರೂ ನಾಚಬೇಕು. ಮಿಂಚುವ ಚಿನ್ನದ ಪುಡಿ ಉದುರಿಸಿದಂಥ ಇಂಕು ಕೂಡ ಇದೆ. ಮೊದಲ ವಾರ ಪೂರ್ತಿ ನಾನು ದ್ಯುತಿಸಂಶ್ಲೇಷಣೆಯ ಪಾಠ ಬರೆದೆ. ಪಾಠ ಅಂದರೆ ಶೀರ್ಷಿಕೆ. ಅದಕ್ಕೆ ಎಲೆಹಸಿರು ಸರಿಯೋ, ಗಿಳಿಹಸಿರು ಸರಿಯೋ ಅಂತ ತೀರ್ಮಾನ ಆಗುವಷ್ಟರಲ್ಲಿ ಕಾಲೇಜಿನಲ್ಲಿ ಆ ಪಾಠ ಮುಗಿದು ಟೆಸ್ಟ್ ಕೂಡ ಆಗಿತ್ತು. ಎರಡನೇ ವಾರ ಆಕಾರ ತಿದ್ದುವ ಪೆನ್ನು ಸಿಕ್ಕಿತು. ನೀವು ಸೊಟ್ಟಗೆ ಸೊನ್ನೆ ಬರೆದರೆ ಅದು ದುಂಡಗೆ ಮಾಡಿಕೊಡುತ್ತದೆ. ಅದನ್ನು ಮಾಡಿದ ಪುಣ್ಯಾತ್ಮರು ಯಾರೂ ಕನ್ನಡ ಅಕ್ಷರ ನೋಡಿದವರಲ್ಲ. ನಮ್ಮ ಅಕ್ಷರಗಳೆಲ್ಲ ದುಂಡಗಿನವೇ ಅಲ್ಲವೇ? ನಾನು ಒಂದು ಪುಟ ಕನ್ನಡ ನೋಟ್ಸ್ ಬರೆದು ತಲೆ ಎತ್ತುವಷ್ಟರಲ್ಲಿ ಅದು ಎಲ್ಲವನ್ನೂ ಒಪ್ಪವಾದ ಸೊನ್ನೆ ಮಾಡಿಟ್ಟಿತ್ತು. ಪುಟ ತುಂಬ ಚಕ್ಕುಲಿ ಕರಿಯಲು ಒತ್ತಿಟ್ಟ ಹಾಗೆ ಕಾಣುತ್ತಿತ್ತು.

ಆದರೆ ನನ್ನ ಮನಸ್ಸು ಗೆದ್ದವು ಮೂರು ವಿದ್ಯೆಗಳು. ಒಂದು, ಎರಡು ಬೆರಳಿಂದ ಪರದೆ ತಟ್ಟಿದರೆ ಕೊನೆಯ ಗೆರೆ ಮಾಯ. ಅದಕ್ಕೆ ಅನ್‌ಡೂ ಅಂತಾರೆ. ಎರಡು, ಬರೆದಿದ್ದರ ಮೇಲೆ ಪೆನ್ನಿಂದ ಗೀಚಾಡಿದರೆ ಗೀಚಿದ್ದೂ ಅಡಿಯಲ್ಲಿದ್ದದ್ದೂ ಎರಡೂ ಮಾಯ. ಮೂರು, ಯಾವುದರ ಸುತ್ತಲಾದರೂ ಒಂದು ಸುತ್ತು ಎಳೆದರೆ ಅದಕ್ಕೆ ಕುಣಿಕೆ ಬೀಳುತ್ತದೆ, ಆಮೇಲೆ ಎತ್ತಿ ಎಲ್ಲಿ ಬೇಕಾದರೂ ಇಡಬಹುದು. ಹಾಗೆ ಎತ್ತಿಟ್ಟು ಎತ್ತಿಟ್ಟು ನನ್ನ ಕಪ್ಪೆಯ ಹೃದಯ ಈಗಲೂ ಫಿಸಿಕ್ಸ್ ನೋಟ್ಸಿನಲ್ಲಿ ಮಿಡಿಯುತ್ತಿದೆ.

ಈ ಮೂರೂ ಮೂರನೇ ವಾರದ ಹೊತ್ತಿಗೆ ಕೈಗೇ ಅಂಟಿಕೊಂಡವು. ಕಾಲೇಜಿನ ಟೆಸ್ಟಿನಲ್ಲಿ ಪೇಪರಿನ ಮೇಲೆ ತಪ್ಪು ಬರೆದು, ಎರಡು ಬೆರಳಿಂದ ತಟ್ಟಿದೆ. ಹೋಗಲಿಲ್ಲ. ಇನ್ನೂ ಜೋರಾಗಿ ತಟ್ಟಿದೆ. ಕೆಮಿಸ್ಟ್ರಿ ಮೇಡಂ ಬಂದು ಪಕ್ಕದಲ್ಲಿ ನಿಂತರು.

"ಏನಮ್ಮಾ, ತಬಲಾ ಪರೀಕ್ಷೆ ಬೇರೆ ದಿನ ಇಟ್ಕೊಳೋಣ್ವಾ?"

ತಿಂಗಳು ಮುಗಿಯಲು ಒಂದೇ ದಿನ ಉಳಿಯಿತು. ಅಮ್ಮನಿಗೆ ತೋರಿಸಲು ನನ್ನ ಬಳಿ ಇದ್ದದ್ದು ಒಂದು ಹಸಿರು ಶೀರ್ಷಿಕೆ ಮತ್ತು ಒಂದು ಪುಟ ಚಕ್ಕುಲಿ. ಅವತ್ತು ಭಾನುವಾರ. ಅಪ್ಪ ಅಮ್ಮ ತರೀಕೆರೆಗೆ ಯಾರದೋ ನಾಮಕರಣಕ್ಕೆ ಹೊರಟರು. ಅಂಗಡಿಯಲ್ಲಿ ನಾನೊಬ್ಬಳೇ. ಅಮ್ಮ ಹೋಗುವಾಗ ಮೂಲೆಯಲ್ಲಿದ್ದ ಪಾತ್ರೆಗಳನ್ನು ತೋರಿಸಿ, "ರಜಿಯಾ ಮಗಳ ಮದ್ವೆ ಸೆಟ್ಟು. ಸಂಜೆ ಬಂದು ಬರೀತೀನಿ. ನೀನು ಪೆನ್ನು ಮುಟ್ಟಬೇಡ" ಅಂದಳು.

ರಜಿಯಾ ಆಂಟಿ ನಮ್ಮ ಹಿಂದಿನ ಬೀದಿಯವರು, ಮಗಳು ಸಮೀನಾಗೆ ಬುಧವಾರ ಮದುವೆ. ಮಗಳ ಜೊತೆ ಹೋಗಲು ಏಳು ಪಾತ್ರೆ: ಒಂದು ಅಕ್ಕಿ ಡ್ರಮ್, ಎರಡು ಕೊಡ, ಎರಡು ತಪ್ಪಲೆ, ಎರಡು ಡಬ್ಬಿ. ಅವುಗಳ ಹೊಳೆಯುವ ಹೊಟ್ಟೆ ನೋಡುತ್ತಿದ್ದ ಹಾಗೇ ನನಗೆ ಜ್ಞಾನೋದಯ ಆಯಿತು. ಟ್ಯಾಬಿನಲ್ಲಿ ಅಮ್ಮನಿಗಿಂತ ಚೆಂದವಾಗಿ ಅಕ್ಷರ ಬರೆಯುವುದು, ಅದನ್ನು ಡ್ರಮ್ಮಿಗೆ ಇಳಿಸುವುದು, ಗೆರೆಯ ಮೇಲೆ ಗೆರೆ ಕೊರೆಯುವುದು. ಅಮ್ಮ ಕೇಳಿದ್ದು ಒಂದು ಕೆಲಸ. ಇದಕ್ಕಿಂತ ದೊಡ್ಡ ಕೆಲಸ ಯಾವುದಿದೆ?

'ಸಮೀನಾಗೆ, ಅಮ್ಮಿ ಅಬ್ಬಾ ಪ್ರೀತಿಯಿಂದ' ಅಂತ ಬ್ರಶ್ ಪೆನ್ನಿನಲ್ಲಿ ಬರೆದೆ. ನೂರ ಎಂಟು ಸಲ ಅನ್‌ಡೂ ಮಾಡಿದೆ. ನೀವು ಕಳೆದುಕೊಳ್ಳಿ. ಸುತ್ತಲೂ ಮಲ್ಲಿಗೆ ಬಳ್ಳಿ ಹಬ್ಬಿಸಿದೆ. ಕೊನೆಗೆ ಅದು ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ಮದುವೆ ಮಾಡಿಕೊಳ್ಳಬೇಕು ಅನ್ನಿಸಿತು. ಆಮೇಲೆ ಹೋಳಿಗೆ ತಟ್ಟುವ ಬಟರ್ ಪೇಪರನ್ನು ಪರದೆಯ ಮೇಲಿಟ್ಟು ಪೆನ್ಸಿಲಿನಲ್ಲಿ ತಿದ್ದತೊಡಗಿದೆ. ಅಂಗೈ ತಗುಲಿದಾಗೆಲ್ಲ ಅಡಿಯಲ್ಲಿದ್ದ ಅಕ್ಷರ ಒಮ್ಮೆ ಆನೆಯಷ್ಟಾಗುತ್ತಿತ್ತು, ಒಮ್ಮೆ ಇರುವೆಯಷ್ಟಾಗುತ್ತಿತ್ತು. ಆದರೂ ಬಿಡಲಿಲ್ಲ. ಕೈಯನ್ನು ಗಾಳಿಯಲ್ಲಿ ತೇಲಿಸಿಕೊಂಡು ಮುಗಿಸಿದೆ. ಕಾರ್ಬನ್ ಹಾಳೆ ಇಟ್ಟು ಡ್ರಮ್ಮಿಗೆ ಇಳಿಸಿದೆ. ಅಮ್ಮನ ಪೆನ್ನಿನ ಸ್ವಿಚ್ ಒತ್ತಿದೆ.

'ಸಮೀನಾಗೆ' ಬಂತು. 'ಅಮ್ಮಿ ಅಬ್ಬಾ' ಬಂತು. 'ಪ್ರೀತಿ'ಗೆ ಬಂದಾಗ ಹೊರಗೆ ಒಂದು ಲಾರಿ ಹಾರ್ನ್ ಹೊಡೆಯಿತು, ಪೆನ್ನು ಜಾರಿ ಒಂದು ಗೆರೆ ಡ್ರಮ್ಮಿನ ಕಂಠದ ತನಕ ಹೋಯಿತು.

ನಾನು ಸ್ವಲ್ಪವೂ ಹೆದರಲಿಲ್ಲ. ನಿಶ್ಚಿಂತೆಯಿಂದ ಎರಡು ಬೆರಳಲ್ಲಿ ತಟ್ಟಿದೆ. ಡ್ರಮ್ಮು 'ಟಣ್' ಅಂದಿತು. ಗೆರೆ ಅಲ್ಲೇ ಇತ್ತು. ಕಾದೆ. ಇನ್ನೊಮ್ಮೆ ತಟ್ಟಿದೆ. ಇದು ಸ್ಟೀಲು ಅಂತ ಬುದ್ಧಿಗೆ ಹೊಳೆಯುವ ಮೊದಲೇ ಕೈ ತನ್ನ ಎರಡನೆಯ ವಿದ್ಯೆ ತೋರಿಸಿತ್ತು: ಗೆರೆಯ ಮೇಲೆ ಹಿಂದೆ ಮುಂದೆ, ಹಿಂದೆ ಮುಂದೆ ಗೀಚಾಡಿತ್ತು, ಓಡುತ್ತಿದ್ದ ಕರೆಂಟಿನ ಪೆನ್ನಿನಲ್ಲಿ. ಈಗ ಅಲ್ಲಿ ಇಡ್ಲಿಯಷ್ಟು ದೊಡ್ಡ ಕಾಗೆಗೂಡು. ಅದನ್ನು ಅಲ್ಲಿಂದ ಹೇಗಾದರೂ ಎತ್ತಬೇಕು ಅಂದುಕೊಂಡೆನೋ ಇಲ್ಲವೋ, ಕೈ ಅದರ ಸುತ್ತ ಒಂದು ಸುತ್ತು ಎಳೆದುಬಿಟ್ಟಿತು. ಎತ್ತಲು ಹೋದರೆ ಇಡೀ ಡ್ರಮ್ಮೇ ಬಂತು.

ಬೇರೆಯವರಾಗಿದ್ದರೆ ಅಳುತ್ತಿದ್ದರು. ನಾನು ಶಪಥ ಮಾಡಿದವಳು. ಆ ಸುತ್ತಿನ ಹೊರಗೆ ಒಂದಾದ ಮೇಲೊಂದು ದಳ ಕೊರೆದೆ. ಸೂರ್ಯಕಾಂತಿ ಬರಬೇಕಿತ್ತು, ಹೂಕೋಸು ಬಂತು. ಅಷ್ಟರಲ್ಲಿ ಬಾಗಿಲಲ್ಲಿ ರಜಿಯಾ ಆಂಟಿ.

"ಆಯ್ತಾ ಬೇಟಾ ನಮ್ದು?" ಅನ್ನುತ್ತ ಬಂದವರು ಬಗ್ಗಿ ಡ್ರಮ್ ನೋಡಿದರು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದರು. "ಇದೇನಿದು?"

"ಡಿಸೈನ್ ಆಂಟಿ. ಹೊಸದು. ಟ್ಯಾಬಲ್ಲಿ ಮಾಡಿದ್ದು," ಅಂದೆ.

"ಕೋಸಾ?"

"ಹೂವು."

ಆಂಟಿ ಬೆರಳಿಂದ ಸವರಿ ನೋಡಿದರು. ಆಮೇಲೆ, "ನನ್ನ ವಾರಗಿತ್ತಿ ಮಗಳ ಪಾತ್ರೆ ಮೇಲೆ ಬರೀ ಹೆಸ್ರೇ ಇತ್ತು," ಅಂದರು. "ನಮ್ದಕ್ಕೆ ಹೂವೂ ಐತೆ. ಎಲ್ಲಾದಕ್ಕೂ ಹಾಕ್ಬಿಡು. ಒಂದಕ್ಕೆ ಐತೆ ಒಂದಕ್ಕಿಲ್ಲ ಅಂದ್ರೆ ಬೀಗರು ಆಡ್ಕೊತಾರೆ."

ನಂಬಲ್ಲ ಅಂತ ಮೊದಲೇ ಹೇಳಿದ್ದೆ. ಮಧ್ಯಾಹ್ನದ ಊಟವನ್ನೂ ಮಾಡದೆ ಉಳಿದ ಆರಕ್ಕೂ ಹೂಕೋಸು ಹಾಕಿದೆ. ತಪ್ಪನ್ನು ಬೇಕೆಂದೇ ಮಾಡುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು. ಎರಡನೇ ಡಬ್ಬಿಯ ಹೊತ್ತಿಗೆ ನನಗೆ ಒಂದು ಶೈಲಿಯೇ ಬಂದಿತ್ತು. ಏಳನ್ನೂ ಸಾಲಾಗಿ ಜೋಡಿಸಿ, ಪಕ್ಕದಲ್ಲಿ ಟ್ಯಾಬ್ ಒರಗಿಸಿಟ್ಟು, ಅಮ್ಮನಿಗೆ ಹೇಳಬೇಕಾದ ಭಾಷಣ ಮೊದಲನೇ ಸಾಲಿನವರೆಗೆ ತಯಾರು ಮಾಡಿಕೊಂಡೆ.

ಆಗ ಅಮ್ಮ ಬಂದಳು. ಕೈಯಲ್ಲಿ ತಾಂಬೂಲದ ಚೀಲ, ಹಿಂದೆ ಅಪ್ಪ. ಚಪ್ಪಲಿ ಬಿಡುತ್ತಿದ್ದವಳು ಒಂದು ಕಾಲಿನದು ಬಿಟ್ಟು ಹಾಗೇ ನಿಂತಳು.

"ಏನೇ ಇದು?"

"ಒಂದ್ ಕೆಲ್ಸ ತೋರ್ಸು ಅಂದಿದ್ದೆ. ಏಳು ತೋರಿಸ್ತಿದೀನಿ. ಟ್ಯಾಬಲ್ಲಿ ಮಾಡಿದ ಡಿಸೈನು. ರಜಿಯಾ ಆಂಟಿ ಅವರೇ ಕೇಳಿ ಎಲ್ಲಾದಕ್ಕೂ ಹಾಕ್ಸಿದ್ರು. ಬೇಕಾದ್ರೆ ಕೇಳು."

ಅಮ್ಮ ಒಂದೊಂದೇ ಪಾತ್ರೆ ಎತ್ತಿ ನೋಡಿದಳು. ಬೈಯಲಿಲ್ಲ. ಅದೇ ನನಗೆ ಹೆದರಿಕೆ ಆಗಿದ್ದು.

"ಟ್ಯಾಬಲ್ಲಿ ಮಾಡಿದ್ಯಾ? ಸರಿ. ನನ್ನೆದ್ರಿಗೆ ಇನ್ನೊಂದ್ ಸಲ ಮಾಡು, ನೋಡೋಣ."

ಅದಕ್ಕೇನಂತೆ ಅಂದುಕೊಂಡು ಟ್ಯಾಬ್ ತೆರೆದೆ. ನನ್ನ ಮಲ್ಲಿಗೆ ಬಳ್ಳಿಯ ಚೆಲುವೆಲ್ಲ ಅಲ್ಲೇ ಇತ್ತು. ಡ್ರಮ್ಮಿನಲ್ಲಿದ್ದ ಜಾಗದಲ್ಲೇ ಇರಲಿ ಅಂತ 'ಪ್ರೀತಿ'ಯ ಮೇಲೆ ಕಾಗೆಗೂಡು ಗೀಚಿದೆ. ಕಾಗೆಗೂಡೂ ಹೋಯಿತು, ಪ್ರೀತಿಯೂ ಹೋಯಿತು. ಇನ್ನೊಮ್ಮೆ ಸ್ವಲ್ಪ ದೊಡ್ಡದಾಗಿ ಗೀಚಿದೆ. ಸಮೀನಾ, ಅಮ್ಮಿ, ಅಬ್ಬಾ ಎಲ್ಲರೂ ಹೋದರು. ಸುತ್ತು ಎಳೆದೆ, ಅಳಿದುಳಿದ ಬಳ್ಳಿಗೆ ಕುಣಿಕೆ ಬಿತ್ತು. ದಳ ಬಿಡಿಸಲು ಪೆನ್ನು ಇಟ್ಟರೆ ಬಳ್ಳಿಯೇ ಜಾರಿಕೊಂಡು ಪುಟದ ಆಚೆ ನಡೆಯಿತು. ಹೂಕೋಸು ಹುಟ್ಟಿದ್ದು ಈ ಆ್ಯಪಿನಿಂದಲೇ, ಆದರೆ ಈ ಆ್ಯಪಿನಲ್ಲಿ ಹೂಕೋಸು ಬರೆಯಲು ಬರುವುದಿಲ್ಲ ಅನ್ನುವುದನ್ನು ಅಮ್ಮನಿಗೆ ಹೇಗೆ ವಿವರಿಸುವುದು? ಪರದೆ ಬೆಳ್ಳಗೆ ತೊಳೆದಿಟ್ಟ ತಟ್ಟೆಯ ಹಾಗಿತ್ತು.

"ಅಂದ್ರೆ ಇದ್ರ ಮೇಲೆ ಏನೂ ಉಳಿಯಲ್ಲ, ಡ್ರಮ್ ಮೇಲೆ ಏನೂ ಹೋಗಲ್ಲ," ಅಂದಳು ಅಮ್ಮ. ಟ್ಯಾಬಿನ ಮುಚ್ಚಳ ಮುಚ್ಚಿ, ಪೆನ್ನನ್ನೂ ಸೇರಿಸಿ ತಾಂಬೂಲದ ಚೀಲಕ್ಕೆ ತೆಂಗಿನಕಾಯಿಯ ಪಕ್ಕ ಇಳಿಸಿ, ಅಪ್ಪನ ಕೈಗೆ ಕೊಟ್ಟಳು. "ಕಡೂರ್ ಬಸ್ ಇನ್ನೂ ನಿಂತೈತೆ. ಕಂಡಕ್ಟರ್ ಹತ್ರ ಕೊಟ್ಟು, ಸ್ಟುಡಿಯೋಗೆ ತಲುಪಿಸು ಅನ್ನಿ."

ಅಪ್ಪ ನನ್ನ ಮುಖ ನೋಡದೆ ಹೊರಟರು. ನಾನು ಅಳಬೇಕೋ ಬೇಡವೋ ಅಂತ ಲೆಕ್ಕ ಹಾಕುತ್ತಿದ್ದೆ. ಅಮ್ಮ ಸ್ಟೂಲ್ ಎಳೆದುಕೊಂಡು ಕೂತು, ಡ್ರಮ್ಮನ್ನು ಬೆಳಕಿಗೆ ತಿರುಗಿಸಿ, ಇಪ್ಪತ್ತು ವರ್ಷದ ಅನುಭವವನ್ನೆಲ್ಲ ಕಣ್ಣಿಗೆ ತಂದುಕೊಂಡು ನನ್ನ ಹೂಕೋಸನ್ನು ನೋಡಿದಳು.

"ರಜಿಯಾ ಮಗಳ ಮದ್ವೇಲಿ ಇದನ್ನ ಊರೆಲ್ಲ ನೋಡುತ್ತೆ. ಆಮೇಲೆ ಬಂದವ್ರೆಲ್ಲ ನಮಗೂ ಇದೇ ಬೇಕು ಅಂತಾರೆ," ಅಂದಳು. "ನಾನು ಎಷ್ಟೇ ಪ್ರಯತ್ನ ಪಟ್ರೂ ಇಷ್ಟು ಕೆಟ್ಟದಾಗಿ ನಂಗೆ ಬರಿಯಕ್ಕೆ ಬರಲ್ಲ. ಇನ್ಮೇಲೆ ಭಾನ್ವಾರ ಭಾನ್ವಾರ ನೀನೇ ಕೂತ್ಕೋ."