ಟವೆಲ್ಲಿನ ಕೆಳಗೆ ಹತ್ತು ಪರ್ಸೆಂಟು

೧. ದಾರಿ

"ಗುಡೇಕೋಟೆಯ ಎಣ್ಣೆ ಗಾಣಕ್ಕೆ ಹೀಗೇ ಹೋಗಬೇಕಾ?" ಎಂದು ಸ್ಕೂಟರ್ ನಿಲ್ಲಿಸಿ ಕೇಳಿದೆ. ಹೆಗಲಿಗೆ ಟವೆಲ್ಲು ಹಾಕಿಕೊಂಡು ಜೋಡೆತ್ತು ಹೊಡೆದುಕೊಂಡು ಬರುತ್ತಿದ್ದ ಹಿರಿಯರು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. "ನೀವು ಯಾರ ಮನಿಯವ್ರು?" ಎಂದರು.

ದಾರಿ ತಪ್ಪುವುದು, ತಪ್ಪಿದ ಜಾಗದಲ್ಲೇ ಏನಾದರೊಂದು ಗಂಟುಬೀಳುವುದು ನನಗೆ ಹೊಸದಲ್ಲ. ಹನೋಯ್‌ನಲ್ಲಿ ತಪ್ಪಿಸಿಕೊಂಡಿದ್ದೇನೆ, ಲಿಸ್ಬನ್‌ನಲ್ಲೂ. ಅಲ್ಲಿಯವರು ಕೈ ತೋರಿಸಿ ಕಳಿಸಿಬಿಡುತ್ತಾರೆ. ನಮ್ಮ ಕಡೆ ಮೊದಲು ಪೂರ್ತಿ ಚರಿತ್ರೆ ಕೇಳಿ, ಆಮೇಲೆ ಎಡಕ್ಕೆ ತಿರುಗಿಸುತ್ತಾರೆ.

ಹೇಳಿದೆ. ಊರೂರು ತಿರುಗಿ ಸಾಕಾಗಿ ಕೊಟ್ಟೂರಿನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೇನೆ, ಲೇಬಲ್ಲು, ಬೋರ್ಡು, ಡಬ್ಬಿ ಡಿಸೈನು ಮಾಡುತ್ತೇನೆ, ದೀಪಾವಳಿಯೊಳಗೆ ಒಂದಾದರೂ ದೊಡ್ಡ ಕೆಲಸ ಸಿಗದಿದ್ದರೆ ಮುಂಬೈನ ಹಳೇ ನೌಕರಿಗೇ ವಾಪಸ್ಸು. ಗಿರಾಕಿ ಕೊಡಿಸಿದವರಿಗೆ ನೂರಕ್ಕೆ ಹತ್ತು ಕಮಿಷನ್ನು ಕೊಡುತ್ತೇನೆಂದೂ ಸೇರಿಸಿದೆ.

ಅವರು ಎತ್ತುಗಳನ್ನು ನಿಲ್ಲಿಸಿದರು. ತಾವು ದನದ ಸಂತೆಯ ದಲ್ಲಾಳಿ ಎಂದರು. "ನಿಮ್ಮ ವ್ಯಾಪಾರದಾಗ ನಡುವ ದಲ್ಲಾಳಿನೇ ಇಲ್ಲ ನೋಡ್ರಿ, ಅದಕ್ಕ ದಾರಿ ತಪ್ಪೈತಿ" ಎಂದರು. ತಾವಾಗೇ ಹೋದವರ ರೇಟು ಬೀಳುತ್ತದೆ, ಗಾಣದವರಿಗೆ ನಾನು ಹೇಳುತ್ತೇನೆ ಎಂದು, ಗುಡೇಕೋಟೆಯ ದಾರಿ ಕೇಳಿದವಳಿಗೆ ಕೊಟ್ಟೂರಿನ ದಾರಿ ತೋರಿಸಿ ಕಳಿಸಿದರು.

೨. ಶಿಫಾರಸು

ಎರಡು ದಿನಕ್ಕೆ ಗಾಣದ ಮಾಲೀಕರಿಂದ ಫೋನು. ಹೋದೆ. ಆತ ಕೂಡ್ರಿ ಅನ್ನುವ ಮೊದಲು ನನ್ನ ಸುತ್ತ ಒಂದು ಸುತ್ತು ಹಾಕಿದ. ನನಗೆ ಅರ್ಥವಾಗಲಿಲ್ಲ.

ಆಮೇಲೆ ತಿಳಿಯಿತು. ದಲ್ಲಾಳಿಗೆ ಡಿಸೈನು ಗೊತ್ತಿಲ್ಲ, ತಮಗೆ ಗೊತ್ತಿರುವಂತೆ ಎತ್ತು ಹೊಗಳುವ ರೀತಿಯಲ್ಲೇ ನನ್ನನ್ನು ಹೊಗಳಿದ್ದರು: ಸುಳಿ ಶುದ್ಧ, ಸಾಧು ಸ್ವಭಾವ, ಬಾರುಕೋಲು ಬೇಕಿಲ್ಲ, ನಾಕೂರು ತಿರುಗಿ ಪಳಗಿದ್ದು. ಮಾಲೀಕನೂ ಸಂತೆಯ ಪದ್ಧತಿ ಬಿಡಲಿಲ್ಲ. "ಒಂದು ವಾರ ಹೂಡಿ ನೋಡ್ತೀನ್ರಿ. ಸರಿಬಂದ್ರ ರೊಕ್ಕ, ಇಲ್ಲಾಂದ್ರ ವಾಪಸ್ ಹೊಡಕೊಂಡು ಹೋಗ್ಲಿ ಅಂದೀನಿ."

ನಾಲ್ಕು ಖಂಡಗಳಲ್ಲಿ ಇಂಟರ್‌ವ್ಯೂ ಕೊಟ್ಟವಳು ನಾನು, ಇಷ್ಟು ನೇರ ಷರತ್ತು ಎಲ್ಲೂ ಕೇಳಿರಲಿಲ್ಲ. ಒಪ್ಪಿದೆ. ಮಧ್ಯಾಹ್ನ ಒಳಗಿನಿಂದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಂತು. ಇದೆಲ್ಲ ಯಾಕೆ ಎಂದರೆ, ನೋಡುವ ವಾರದ ಮೇವು ಕೊಳ್ಳುವವರದೇ ಎಂದು ದಲ್ಲಾಳಿ ಮೊದಲೇ ಮಾತಾಡಿದ್ದರಂತೆ.

೩. ಪಾಲುದಾರರು

ಲೇಬಲ್ಲು ಸರಿಬಂತು. ಹತ್ತು ಪರ್ಸೆಂಟಿನ ಸುದ್ದಿ ನನಗಿಂತ ಮೊದಲು ಹಗರಿಬೊಮ್ಮನಹಳ್ಳಿ ಮುಟ್ಟಿತು. ಅಲ್ಲಿನ ಟೇಲರ್ ಅಕ್ಕ ಒಂದು ಹುಡುಗಿಯ ಮದುವೆ ಕಾರ್ಡಿನ ಕೆಲಸ ಕೊಡಿಸಿದಳು. ಕಮಿಷನ್ನು ಕೊಡಲು ಹೋದರೆ ಅಂಗಡಿಯಲ್ಲಿ ಮೂವರು ಕಾಯುತ್ತಿದ್ದಾರೆ. ಹುಡುಗಿಯ ಮನೆಯವರಿಗೆ ನನ್ನ ಹೆಸರು ಹೇಳಿದ್ದು ಅಕ್ಕ. ಅಕ್ಕನಿಗೆ ನನ್ನ ನಂಬರ್ ಕೊಟ್ಟಿದ್ದು ಪಕ್ಕದ ಬಳೆ ಅಂಗಡಿಯವಳು. ಮೂರನೆಯ ಹೆಂಗಸು ಹುಡುಗಿಯ ಸೋದರತ್ತೆ.

ನೀವೇನು ಮಾಡಿದಿರಿ ಎಂದು ಕೇಳಿದೆ.

"ಈಕಿ ಬ್ಯಾಡ ಅಂತ ಹೇಳಿದ್ದೆ. ನಾ ಬ್ಯಾಡ ಅಂದದ್ದನ್ನ ನಮ್ಮ ನಾದಿನಿ, ಹುಡುಗಿ ಅವ್ವ, ಯಾವಾಗ್ಲೂ ಮಾಡೇ ಮಾಡ್ತಾಳ. ನಾ ಸುಮ್ಮನಿದ್ರ ನಿಮಗ ಕೆಲಸ ಎಲ್ಲಿ ಸಿಗ್ತಿತ್ತು?"

ಮೂವರಲ್ಲಿ ಆಕೆಗೇ ಎಲ್ಲರಿಗಿಂತ ಖುಷಿಯಿಂದ ಕೊಟ್ಟೆ. ಕೆಲಸ ಸಿಕ್ಕ ನಿಜವಾದ ಕಾರಣ ಅದೇ ಇರಬೇಕು.

೪. ಬೆರಳು

ಆದರೂ ದೊಡ್ಡ ಕೆಲಸ ಬಂದಿರಲಿಲ್ಲ, ಮುಂಬೈನವರು ಉತ್ತರ ಕೇಳುತ್ತಿದ್ದರು. ಅಷ್ಟರಲ್ಲಿ ದಲ್ಲಾಳಿ ಫೋನ್ ಮಾಡಿ ಹಡಗಲಿ ಸಂತೆಗೆ ಬಾ ಎಂದರು. ಮಾಗಳದ ಹೆಂಗಸರ ಸಂಘವೊಂದು ಮಲ್ಲಿಗೆ ಹೂವನ್ನು ಡಬ್ಬಿಯಲ್ಲಿ ದೂರದೂರಿಗೆ ಕಳಿಸುವುದಿತ್ತು. ಡಬ್ಬಿ, ಚೀಲ, ಬೋರ್ಡು ಎಲ್ಲ ಆಗಬೇಕು. ತಮಗೆ ವ್ಯಾಪಾರ ಬಿಟ್ಟು ಬರಲಾಗದೆಂದು ಸಂಘದ ಅಧ್ಯಕ್ಷೆಯನ್ನೂ ದನಗಳ ನಡುವೆಯೇ ಕರೆಸಿದ್ದರು.

ರೇಟು ಬಾಯಲ್ಲಿ ಹೇಳುವ ಹಾಗಿಲ್ಲ. ದಲ್ಲಾಳಿ ನನ್ನ ಕೈಮೇಲೆ ಟವೆಲ್ಲು ಮುಚ್ಚಿ, ಒಳಗೆ ತಮ್ಮ ಕೈ ಇಟ್ಟರು. ಒಂದು ಬೆರಳಿಗೆ ಹತ್ತು ಸಾವಿರ, ಎಷ್ಟು ಬೇಕೋ ಅಷ್ಟು ಬೆರಳು ಹಿಡಿ ಎಂದರು. ಮೂರು ಹಿಡಿಯಬೇಕೆಂದಿದ್ದೆ. ಧೈರ್ಯ ಸಾಲದೆ ಎರಡಕ್ಕೆ ಇಳಿಯುತ್ತಿದ್ದೆ. ಆಗ ಹಿಂದೆ ಕಟ್ಟಿದ್ದ ಬಿಳಿ ಎತ್ತು ನನ್ನ ಕತ್ತಿಗೆ ಬುಸ್ಸೆಂದು ಬಿಸಿ ಉಸಿರು ಬಿಟ್ಟಿತು. ಹೆದರಿ ಇಡೀ ಹಸ್ತ ಗಟ್ಟಿಯಾಗಿ ಹಿಡಿದುಬಿಟ್ಟೆ.

ದಲ್ಲಾಳಿ ನನ್ನನ್ನು ಗೌರವದಿಂದ ನೋಡಿದರು. ಟವೆಲ್ಲು ಅಧ್ಯಕ್ಷೆಯ ಕಡೆ ಹೋಯಿತು. ಆಕೆಯೂ ಇಡೀ ಹಸ್ತ ಹಿಡಿದರಂತೆ, ಐದು ಬೆರಳಿಗೆ ಐವತ್ತು ಸಾವಿರ. "ಬೆಂಗಳೂರಿನವ್ರು ಲಕ್ಷ ಕೇಳಿದ್ರು. ನೀವಾದ್ರ ನಮ್ಮ ಕೈಗೆ ಸಿಗೋರು" ಎಂದರು ಅಧ್ಯಕ್ಷೆ. ಅಂದು ಸಂಜೆಯೇ ಮುಂಬೈಗೆ ಬರುವುದಿಲ್ಲವೆಂದು ಬರೆದೆ.

೫. ಬಾಕಿ

ಮುಂಗಡ ಬಂದ ವಾರ ಐನೂರರ ಹತ್ತು ನೋಟು ತೆಗೆದುಕೊಂಡು ದಲ್ಲಾಳಿಯ ಬಳಿ ಹೋದೆ. ಅದನ್ನೂ ಅವರು ಟವೆಲ್ಲಿನ ಕೆಳಗೇ ತೆಗೆದುಕೊಂಡರು, ನೋಡದೆಯೇ ಎಣಿಸಿದರು. ಒಂದು ನೋಟು ನನ್ನ ಕೈಗೇ ವಾಪಸ್ಸು ಬಂತು.

"ಇದು ನನ್ನದಲ್ಲವ್ವ. ಎರಡು ಬೆರಳಿಗೆ ಇಳಿಯೋ ಕೈ ನನಗ ಗೊತ್ತಾಗಲ್ಲೇನು? ರೇಟು ಏರಿಸಿದ್ದು ಆ ಬಿಳಿ ಎತ್ತು."

ಅಷ್ಟರಲ್ಲಿ ಅದು ಮಾರಾಟವಾಗಿ ಹರಪನಹಳ್ಳಿ ತಾಲೂಕಿನ ಹಲವಾಗಲಿಗೆ ಹೋಗಿತ್ತು. ಗುಡೇಕೋಟೆಯ ಗಾಣದಲ್ಲಿ ಐನೂರು ರೂಪಾಯಿಗೆ ಶೇಂಗಾ ಹಿಂಡಿ ಕೊಂಡು ಸ್ಕೂಟರಿಗೆ ಕಟ್ಟಿ ಹೊರಟೆ. ಹೊಳೆ ದಂಡೆಯಲ್ಲಿ ಮತ್ತೆ ದಾರಿ ತಪ್ಪಿತು. ಯಾರ ಮನೆಗೆ ಎಂದು ಕೇಳಿದವರಿಗೆ, ಒಂದು ಬಿಳಿ ಎತ್ತಿನ ಹತ್ತಿರ ಕೆಲಸವಿದೆ ಎಂದೆ. ಈ ಸಲ ಚರಿತ್ರೆ ಕೇಳದೆ ದಾರಿ ತೋರಿಸಿದರು.

ಎತ್ತಿನ ಹೊಸ ಯಜಮಾನ ಪೂರ್ತಿ ಕಥೆ ಗಂಭೀರವಾಗಿ ಕೇಳಿದ. ಹಿಂಡಿಯನ್ನು ಎತ್ತಿನ ಮುಂದಿಟ್ಟೆ. ಅದು ಮೂಸಿತು, ತಿಂದಿತು, ನನ್ನ ಕತ್ತಿನ ಹತ್ತಿರ ಬಂದು ಇನ್ನೊಮ್ಮೆ ಬುಸ್ಸೆಂದಿತು. ನನ್ನ ಬಾಕಿ ತೀರಿತು.

ಹೊರಡುವಾಗ ಯಜಮಾನ ಸ್ಕೂಟರಿನವರೆಗೂ ಬಂದ. "ಮುಂದಿನ ಸಲ ರೇಟು ಮಾತಾಡೋದು ಐತಿ ಅಂದ್ರ ಒಂದು ಫೋನ್ ಮಾಡ್ರಿ. ಹೊಡಕೊಂಡು ಬರ್ತೀನಿ."