ಬೆನ್ನಿಗೊಂದು ಅಪೀಲು

ಮಿಲ್ಟ್ರಿಯಿಂದ ಬಂದವರಿಗೆ ಪಿಂಚಣಿಯ ಅಪೀಲು ಬರೆದುಕೊಡಲು ಕೂತವನಿಗೆ ಅಳಬೇಕಾದ ಕಡೆಯಲ್ಲೇ ನಗು ಬರುತ್ತದೆ, ಏನು ಮಾಡೋದು ಹೇಳಿ. ಸೈನ್ಯದಲ್ಲಿ ಕ್ಲರ್ಕಾಗಿದ್ದು ಸುಬೇದಾರನಾಗಿ ನಿವೃತ್ತನಾದ ನಾನು, ಶಿರಾದಲ್ಲಿ ನಮ್ಮಣ್ಣನ ಟೈಲರ್ ಅಂಗಡಿಯ ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡಿದ್ದೇನೆ. ಮಧುಗಿರಿ, ಪಾವಗಡದಿಂದಲೂ ಜನ ಬರುತ್ತಾರೆ. ಎಲ್ಲರೂ ನನ್ನನ್ನು 'ಸಾಬ್' ಅನ್ನುತ್ತಾರೆ. ಸುಬೇದಾರ ಅಂತಲೋ, ಮುಸಲ್ಮಾನ ಅಂತಲೋ, ನಾನು ಕೇಳಲು ಹೋಗಿಲ್ಲ. ಬರುವವರಲ್ಲಿ ಹೆಚ್ಚಿನವರದು ಬೆನ್ನಿನ ತಕರಾರು.

ಅದರಲ್ಲಿ ಮದಲೂರಿನ ಹವಾಲ್ದಾರನ ಕಥೆ ಹೇಳುತ್ತೇನೆ. ಕುರಿ ಕಾಯುವ ಮನೆತನದವನು. ಫಿರಂಗಿ ದಳದಲ್ಲಿದ್ದ. ಹಿಮದ ಬೆಟ್ಟದಲ್ಲಿ ಶೆಲ್ ಪೆಟ್ಟಿಗೆ ಹೊತ್ತು ಹತ್ತುವಾಗ ಜಾರಿ ಬಿದ್ದು ಬೆನ್ನುಮೂಳೆಯ ಡಿಸ್ಕ್ ಹೋಯಿತು. ಮನೆಗೆ ಕಳಿಸುವಾಗ ಮೆಡಿಕಲ್ ಬೋರ್ಡಿನವರು, ಈ ನೋವಿಗೂ ಸೇವೆಗೂ ಸಂಬಂಧವಿಲ್ಲ ಎಂದು ಬರೆದರು. ಅಂದರೆ ಅಂಗವೈಕಲ್ಯದ ಪಿಂಚಣಿ ಇಲ್ಲ.

ಕೊರಟಗೆರೆಯ ಕೊಪ್ಪರಿಗೆ

ಊರಿಗೆ ಬಂದ ಹೊಸತರಲ್ಲಿ ಕೊರಟಗೆರೆಯಲ್ಲಿ ಹೆಂಡತಿಯ ಕಡೆಯವರ ಮದುವೆ. ಅನ್ನದ ಕೊಪ್ಪರಿಗೆ ಇಳಿಸಬೇಕಿತ್ತು.

"ಮಿಲ್ಟ್ರಿ ಮಾವ ಅವ್ರಲ್ಲ, ಒಂದು ಕಡೆ ಹಿಡೀಲಿ!" ಎಂದು ಯಾರೋ ಕೂಗಿದರು.

"ಆಗಕ್ಕಿಲ್ಲ ಕಣ್ರಪ್ಪ, ಬೆನ್ನು ಹೋಗೈತೆ."

"ಗುಂಡು ಬಿತ್ತಾ?"

"ಗುಂಡಲ್ಲ, ಡಿಸ್ಕು."

ಅಡುಗೆಯವರು ಮುಖ ಮುಖ ನೋಡಿಕೊಂಡರು. ಕಾಲೋ ಕೈಯೋ ಹೋಗಿದ್ದರೆ ಕಣ್ಣಿಗೆ ಕಾಣುತ್ತಿತ್ತು. ಇವನ ಬೆನ್ನು ನೋಡಿದರೆ ಅಂಗಿ ಒಳಗೆ ಅಗಲವಾಗಿ, ಚೆನ್ನಾಗಿಯೇ ಇದೆ. ಪಂಕ್ತಿಯಲ್ಲಿ ನೆಲಕ್ಕೆ ಕೂರಲಾಗದೆ ಅವನು ಗೋಡೆಗೆ ಒರಗಿ, ನಿಂತೇ ಉಣ್ಣುತ್ತಿದ್ದ. ಅದನ್ನು ಕಂಡ ಒಬ್ಬ ಹಿರಿಯರಿಗೆ ಕರುಳು ಚುರುಕ್ ಅಂದಿರಬೇಕು, ಹತ್ತಿರ ಬಂದು ಸಮಾಧಾನ ಹೇಳಿದರು:

"ಬೇಜಾರ್ ಮಾಡ್ಕಬೇಡ ಬುಡಪ್ಪ. ಗುಂಡು ಬೀಳೋ ಅದೃಷ್ಟ ಎಲ್ರಿಗೂ ಇರಕ್ಕಿಲ್ಲ."

ತಾಯಿಯ ಸಾಕ್ಷಿ

ಅಪೀಲು ಬರೆಯಲು ಅವನ ಮನೆಗೇ ಹೋಗಿದ್ದೆ. ಬೋರ್ಡಿನವರು ಕೊಟ್ಟ ಕಾರಣ ಓದಿ ಕನ್ನಡದಲ್ಲಿ ಹೇಳಿದೆ: ತೊಂದರೆ ಹುಟ್ಟಿನಿಂದಲೇ ಇದ್ದಿರಬಹುದು, ಸೇರುವಾಗ ಗೊತ್ತಾಗಿಲ್ಲ.

ಬಾಗಿಲಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅವನ ತಾಯಿ ಕುಟ್ಟೋದು ನಿಲ್ಲಿಸಿದಳು.

"ಯಾವನ್ಲಾ ಅವ್ನು ಬರ್ದೋನು? ನಾನು ಸೊಟ್ಟ ಮಗೀನ ಹೆತ್ನಾ?"

"ಡಾಕ್ಟ್ರು ಹಂಗೆ ಅಂದವ್ರೆ ಕಣಮ್ಮ" ಎಂದೆ.

"ಹೆರಿಗೇಲಿ ಅವ್ನಿದ್ನಾ? ಸೂಲಗಿತ್ತಿ ಇದ್ಲು. ಮಗೀನ ಬೆನ್ನು ಸವರಿ, ಬಿದಿರು ಇದ್ದಂಗೈತೆ ಅಂದ್ಲು. ಬರ್ಕೋ ಅದ್ನ! ನೆಟ್ಟಗಿದ್ದ ಮಗನ್ನ ಕಳಿಸ್ದೆ ಕಣಪ್ಪ, ಹಿಂಗೆ ಮಾಡಿ ವಾಪಸ್ ಕೊಟ್ಟವ್ರೆ." ಅವಳ ದನಿ ಒಡೆಯಿತು.

ಮಾತು ಬದಲಿಸಲೆಂದು, "ಸೂಲಗಿತ್ತಿ ಎಲ್ಲವ್ಳಮ್ಮ? ಒಂದು ಹೆಬ್ಬೆಟ್ಟು ಒತ್ತುಸ್ಕಳಾನ" ಎಂದೆ.

"ಸತ್ತೋದ್ಲು." ಒಂದೆರಡು ಸಲ ಕುಟ್ಟಿ, "ಸತ್ತಿದ್ರೂ ಸುಳ್ಳು ಹೇಳೋ ಹೆಂಗ್ಸಲ್ಲ ಅಂತ ಬರ್ಕೋ" ಎಂದಳು.

ಅಟೆನ್ಶನ್

ಅಪೀಲಿನ ಮೇಲೆ ಬೆಂಗಳೂರಿನಲ್ಲಿ ಮತ್ತೊಂದು ಬೋರ್ಡಿನ ಮುಂದೆ ತಪಾಸಣೆ ಆಯಿತು. ಜೊತೆಗೆ ನಾನೂ ಹೋಗಿದ್ದೆ. ಬಸ್ಸಿನಲ್ಲಿ ಸೀಟಿದ್ದರೂ ಅವನು ಕಂಬಿ ಹಿಡಿದು ನಿಂತೇ ಬಂದ.

ಡಾಕ್ಟರು ಬಗ್ಗು ಅಂದರು. ಕೈ ಮೊಣಕಾಲಿಗೆ ಬಂತು, ಅಲ್ಲೇ ಸಿಕ್ಕಿಕೊಂಡಿತು. ಹಣೆ ತುಂಬ ಬೆವರು. ಅಷ್ಟರಲ್ಲಿ ಬಾಗಿಲು ತೆಗೆದು ಯಾರೋ ದೊಡ್ಡ ಅಧಿಕಾರಿ ಒಳಗೆ ಬಂದರು. ನಮ್ಮ ಹವಾಲ್ದಾರ ಸಟಕ್ಕನೆ ನೆಟ್ಟಗಾಗಿ, ಹಿಮ್ಮಡಿ ಸೇರಿಸಿ, "ಜೈ ಹಿಂದ್ ಸಾಬ್!" ಎಂದ. ಕಿಟಕಿ ಗಾಜು ಅದುರಿತು. ಅಧಿಕಾರಿ ತಲೆಯಾಡಿಸಿ ಹೊರಟುಹೋದರು.

"ಎಷ್ಟು ಚೆನ್ನಾಗಿ ನಿಂತೆಯಲ್ಲ!" ಎಂದರು ಡಾಕ್ಟರು.

ಆಮೇಲೆ ಅವನಿಗೆ ಬಗ್ಗಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಕಣ್ಣಲ್ಲಿ ನೀರು. ನಾನೂ ವಾರ್ಡ್‌ಬಾಯೂ ಸೇರಿ ಹಲಗೆ ಎತ್ತಿದ ಹಾಗೆ ಎತ್ತಿ ಮಂಚದ ಮೇಲೆ ಮಲಗಿಸಿದೆವು. ನೆಟ್ಟಗೆ ನಿಲ್ಲಬಲ್ಲ, ಬೆನ್ನಿಗೆ ಏನೂ ಇಲ್ಲ ಎಂದು ಅಪೀಲು ವಜಾ ಆಯಿತು.

"ಅಲ್ಲಯ್ಯ, ಯಾಕೆ ಹಂಗೆ ನಿಂತೆ?" ಎಂದು ರೇಗಿದೆ.

"ನಾನೆಲ್ಲಿ ನಿಂತೆ ಸಾಬ್? ಕಾಲು ನಿಂತ್ಕಂಡ್ವು. ಬೆನ್ನಿಗೆ ಒಂದ್ ಮಾತು ಹೇಳ್ಲೇ ಇಲ್ಲ!"

ನಾಲ್ಕು ಕಾಲು

ಕೊನೆಗೆ ಸೈನಿಕರ ತಕರಾರು ಕೇಳುವ ಟ್ರಿಬ್ಯುನಲ್‌ಗೆ ಹೋದೆವು. ಸರ್ಕಾರದ ಕಡೆಯ ವಕೀಲರು, ಈತ ಸೇರುವ ಮುಂಚೆ ಕುರಿ ಕಾಯುತ್ತಿದ್ದ, ಕುರಿ ಹೊತ್ತೇ ಬೆನ್ನು ಕೆಟ್ಟಿರಬಹುದು ಎಂದರು.

ಎಲ್ಲರೂ ಕೂತಿದ್ದರೆ ಇವನೊಬ್ಬ ಹಿಂದೆ ಗೋಡೆ ಹಿಡಿದು ನಿಂತಿದ್ದ. ನ್ಯಾಯಮೂರ್ತಿಗಳು ಕನ್ನಡದಲ್ಲೇ ಕೇಳಿದರು: "ಯಾಕಪ್ಪ, ಕೂತ್ಕೊಳ್ಳಬಾರದಾ?"

"ಕೂತ್ರೆ ಏಳಾಕಾಗಲ್ಲ ಸಾರ್."

"ಕುರಿ ಹೊರ್ತಿದ್ರಾ?"

"ಮರಿ ಎತ್ಕಂಡಿದೀನಿ ಸಾರ್. ಕುರಿಗೆ ನಾಕು ಕಾಲವೆ, ಅದೇ ನಡ್ಕಂಡು ಬರ್ತೈತೆ. ಶೆಲ್ಲಿಗೆ ಕಾಲಿಲ್ಲ ಸಾರ್."

ಆ ವಕೀಲರೇ ಫೈಲು ಮುಖಕ್ಕೆ ಅಡ್ಡ ಹಿಡಿದುಕೊಂಡು ನಕ್ಕರು.

ಗೆದ್ದ ದಿನ

ಗೆದ್ದೆವು. ಶಿರಾದಿಂದ ಮೈಸೂರುಪಾಕು ಕಟ್ಟಿಸಿಕೊಂಡು ಮದಲೂರಿಗೆ ಓಡಿದೆ. ಅವನು ಬೋರಲು ಮಲಗಿದ್ದ. ಹೆಂಡತಿ ಉಪ್ಪಿನ ಗಂಟು ಕಾಯಿಸಿ ಬೆನ್ನಿಗೆ ಶಾಖ ಕೊಡುತ್ತಿದ್ದಳು.

"ನೋವು ಸೇವೆಯಿಂದಲೇ ಬಂದದ್ದು ಅಂತ ಒಪ್ಪಿಕೊಂಡವ್ರೆ! ಶಾಶ್ವತ ಅಂತ ಬರ್ದವ್ರೆ. ಜೀವ ಇರೋವರೆಗೂ ಪಿಂಚಣಿ!" ಎಂದೆ.

ಅವಳ ಕೈ ನಿಂತಿತು.

"ಶಾಶ್ವತ ಅಂದ್ರೆ... ವಾಸಿ ಆಗಕ್ಕಿಲ್ಲ ಅಂತ್ಲಾ ಅಣ್ಣಾ?"

ನಾನು ತೀರ್ಪಿನ ಕಾಗದ ಮಡಚಿ ಜೇಬಿಗಿಟ್ಟೆ.

"ಬೋರ್ಡ್‌ನೋರು ಏನೂ ಇಲ್ಲ ಅಂದಾಗ ನೀವಿಬ್ರೂ ಬೈಕಂಡು ಬರ್ತಿದ್ರಿ. ನಾನು ಒಳಗೊಳಗೇ, ದೊಡ್ಡ ಡಾಕ್ಟ್ರಲ್ವಾ, ಅವ್ರು ಅಂದಿದ್ದೇ ನಿಜ ಆಗ್ಲಿ ದೇವ್ರೇ ಅಂತಿದ್ದೆ. ಸೋತಾಗೆಲ್ಲ ಒಂದು ತುಪ್ಪದ ದೀಪ ಹಚ್ತಿದ್ದೆ ಅಣ್ಣಾ." ಸೆರಗನ್ನು ಬಾಯಿಗೊತ್ತಿಕೊಂಡಳು.

ಮೈಸೂರುಪಾಕಿನ ಪೊಟ್ಟಣ ನನ್ನ ಕೈಯಲ್ಲೇ ಉಳಿಯಿತು. ಹವಾಲ್ದಾರ ದಿಂಬಿನಿಂದ ಮುಖ ಎತ್ತಿ, ಹೆಂಡತಿಯನ್ನೊಮ್ಮೆ ನೋಡಿ, ನನ್ನ ಕಡೆ ತಿರುಗಿದ.

"ಸಾಬ್, ಗೆದ್ದಿದ್ರ ಮೇಲೆ ಅಪೀಲು ಹಾಕ್ಬೋದಾ?"