ನೊಣಗಾಳದ ಬೀಗರು

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರು ಹೇಳಿದ್ದಾರೆ. ನಾನು ಹೇಳಿದ್ದು ಒಂದೇ ಒಂದು. ಉಳಿದ ಒಂಬೈನೂರ ತೊಂಬತ್ತೊಂಬತ್ತನ್ನು ಹೇಳದೆ ಉಳಿಸಿಕೊಂಡವನನ್ನು ದೇವರು ಮೆಚ್ಚಬೇಕಿತ್ತು. ಮೆಚ್ಚಲಿಲ್ಲ, ತೆಗೆದುಕೊಂಡು ಹೋಗಿ ಕಾವೇರಿಯಲ್ಲಿ ಹಾಕಿದ.

ಅರವತ್ತೇಳನೇ ಇಸವಿಯ ಮಾತು. ನಾನು ದೇವಣ್ಣ, ಕೊಳ್ಳೇಗಾಲದ ನೇಕಾರ. ಮೂವತ್ತು ವರ್ಷ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಊರಿನ ಹೆಣ್ಣುಮಕ್ಕಳಿಗೆಲ್ಲ ಮದುವೆ ಸೀರೆ ನೇಯ್ದವನು. ನನ್ನ ಮಗಳು ಚೌಡೇಶ್ವರಿಗೆ ಮಾತ್ರ ಇಪ್ಪತ್ತಮೂರು ತುಂಬಿದರೂ ಗಂಡು ಕೂಡಿಬಂದಿರಲಿಲ್ಲ. ನಾಲ್ಕು ಕಡೆಯವರು ಬಂದು ಉಪ್ಪಿಟ್ಟು ತಿಂದು, ಊರಿಗೆ ಹೋಗಿ ಕಾಗದ ಬರೆಯುತ್ತೇವೆ ಎಂದು ಎದ್ದುಹೋಗಿದ್ದರು. (ಅವರ ಊರಿನಲ್ಲಿ ಅಂಚೆಪೆಟ್ಟಿಗೆ ಇರಲಿಲ್ಲವೆಂದು ಕಾಣುತ್ತದೆ.) ಅಕ್ಕಪಕ್ಕದವರು ಕೇಳುವುದನ್ನೂ ನಿಲ್ಲಿಸಿದ್ದರು. ಕೇಳುವುದಕ್ಕಿಂತ ಅದೇ ಹೆಚ್ಚು ನೋವಾಗುತ್ತಿತ್ತು.

ಐದನೆಯವರು ಯಳಂದೂರಿನ ಸುಬ್ಬಯ್ಯನವರು. ನಮ್ಮ ಕುಲದವರೇ, ಆದರೆ ಮಗ್ಗ ಬಿಟ್ಟು ಕಾಡಿನ ಇಲಾಖೆ ಸೇರಿ, ಬೆಟ್ಟದ ಮೇಲಿನ ಕಾಫಿತೋಟದ ಯಾವನೋ ಬಿಳಿಯ ದೊರೆಯಿಂದ ಮೀನು ಹಿಡಿಯುವ ವಿದ್ಯೆ ಕಲಿತು ರಿಟೈರಾದವರು. ಮಗ ಸ್ಕೂಲ್ ಮೇಷ್ಟ್ರು, ಚಿನ್ನದಂಥ ಹುಡುಗ. ಸುಬ್ಬಯ್ಯನವರು ನನ್ನ ಮಗಳನ್ನು ನೋಡಿದ್ದು ಐದು ನಿಮಿಷ, ಗಾಳದ ಬಗ್ಗೆ ಮಾತಾಡಿದ್ದು ಎರಡು ಗಂಟೆ. ಎರೆಹುಳ, ರಾಗಿಮುದ್ದೆ ಸಿಕ್ಕಿಸಿ ಮೀನು ಹಿಡಿಯುವುದು ಪಾಮರರ ಕೆಲಸವಂತೆ. ಕೋಳಿ ಪುಕ್ಕಕ್ಕೆ ರೇಷ್ಮೆ ದಾರ ಸುತ್ತಿ ಹುಸಿನೊಣ ಮಾಡಿ, ಅದನ್ನು ಚಾಟಿಯಂತೆ ಬೀಸಿ ನೀರಿನ ಮೇಲೆ ಇಳಿಸಬೇಕಂತೆ. ಮೀನು ಸಿಕ್ಕಿದರೆ ಅಳತೆ ಮಾಡಿ, ಬೆನ್ನು ಸವರಿ, ಮರ್ಯಾದೆಯಿಂದ ಹೊಳೆಗೆ ಬಿಡಬೇಕಂತೆ.

"ನಿಮಗೆ ಈ ಅಭ್ಯಾಸ ಉಂಟೋ?" ಎಂದು ಕೇಳಿದರು.

"ನನಗೆ ಗಾಳ ಅಂದ್ರೆ ಪ್ರಾಣ ಕಣ್ರಿ," ಎಂದುಬಿಟ್ಟೆ. ಅಡುಗೆಮನೆಯಲ್ಲಿ ಒಂದು ತಟ್ಟೆ ಬಿದ್ದ ಸದ್ದಾಯಿತು. ಸುಬ್ಬಯ್ಯನವರ ಮುಖ ಅರಳಿತು. ಬರುವ ಭಾನುವಾರ ಮುಳ್ಳೂರಿನ ಕಡೆ ಹೊಳೆಯಲ್ಲಿ ಇಬ್ಬರೂ ಒಂದೇ ತೆಪ್ಪದಲ್ಲಿ ಕೂತು ನೊಣ ಬೀಸೋಣ, ಸಂಬಂಧದ ಮಾತನ್ನೂ ಅಲ್ಲೇ ಮುಗಿಸೋಣ ಎಂದರು. ತೆಪ್ಪದಲ್ಲಿ ಮನುಷ್ಯನ ನಿಜವಾದ ಗುಣ ಗೊತ್ತಾಗುತ್ತದೆ ಎಂಬುದು ಅವರ ಸಿದ್ಧಾಂತ.

ಅವರು ಅತ್ತ ಹೋದದ್ದೇ ತಡ, ನನ್ನ ಹೆಂಡತಿ ವಿಜಯಮ್ಮ ಈಚೆ ಬಂದಳು. ಅವಳು ದಾಸನಪುರದವಳು, ಹೊಳೆದಂಡೆಯಲ್ಲೇ ಬೆಳೆದವಳು. ನನಗೆ ಈಜು ಬರುವುದಿಲ್ಲವೆಂಬುದು ಅವಳಿಗೆ ಗೊತ್ತು. ಮದುವೆಯಾದ ಹೊಸದರಲ್ಲಿ ಅವಳ ತವರಿನ ಸೋಪಾನಕಟ್ಟೆಯಲ್ಲಿ ನಾನು ಚೊಂಬಿನಲ್ಲಿ ನೀರು ಮೊಗೆದು ಸ್ನಾನ ಮಾಡಿದ್ದನ್ನು ಇಡೀ ಊರು ನೋಡಿತ್ತು. "ಇಡ್ದು ಬುಡದಾದ್ರೆ ಇಡಿಯದ್ಯಾಕೆ ಅಂತ ಆ ಯಜಮಾನ್ರನ್ನ ಒಂದ್ ಮಾತು ಕೇಳ್ಬಾರ್ದಾಗಿತ್ತಾ?" ಎಂದಳು. ಅದು ಉನ್ನತ ಮಟ್ಟದ ವಿದ್ಯೆ, ನಿನಗೆ ತಿಳಿಯದು ಎಂದೆ. ನಾಲ್ಕು ದಿನ ಹಿತ್ತಲಿನಲ್ಲಿ ಬಿದಿರು ಕಡ್ಡಿಗೆ ದಾರ ಕಟ್ಟಿ ಅಭ್ಯಾಸ ಮಾಡಿದೆ. ಒಣಹಾಕಿದ್ದ ಎರಡು ಸೀರೆ, ಒಂದು ನುಗ್ಗೆಕೊಂಬೆ, ಪಕ್ಕದ ಮನೆಯವರ ಹೇಟೆ ಕೋಳಿ ಸಿಕ್ಕಿದವು. ಎಲ್ಲವನ್ನೂ ಮರ್ಯಾದೆಯಿಂದ ಬಿಟ್ಟೆ.

ಭಾನುವಾರ ವಿಜಯಮ್ಮ ಬುತ್ತಿಯ ಜೊತೆ ಎರಡು ಒಣ ಸೋರೆಬುರುಡೆಗಳನ್ನೂ ಹೊತ್ತು ತಂದಳು. ಅವಳ ತವರಿನಲ್ಲಿ ಮಕ್ಕಳಿಗೆ ಈಜು ಕಲಿಸುವುದು ಅದನ್ನೇ ಕಟ್ಟಿ. ಎದೆಗೆ, ಕಂಕುಳ ಕೆಳಗೆ ಕಟ್ಟಿಕೊಳ್ಳಿ ಎಂದಳು. ಬೀಗರಾಗುವವರ ಮುಂದೆ ಎದೆಯ ಮೇಲೆ ಬುರುಡೆಯೇ? ಮರೆಯಲ್ಲಿ ನಿಂತು ಸೊಂಟದ ಹಿಂದಕ್ಕೆ ಬಿಗಿದು, ಮೇಲೆ ಕೋಟು ಇಳಿಬಿಟ್ಟುಕೊಂಡೆ.

ಸುಬ್ಬಯ್ಯನವರು ಜಲಸುರಕ್ಷತೆಯ ಹನ್ನೊಂದು ನಿಯಮಗಳನ್ನು ಇಲಾಖೆಯ ಸುತ್ತೋಲೆಯಂತೆ ಬರೆದು ತಂದಿದ್ದರು. ದಂಡೆಯಲ್ಲೇ ನಿಂತು ಓದಿ ನನ್ನ ಕೈಲಿ ರುಜು ಹಾಕಿಸಿದರು. ತೆಪ್ಪದಲ್ಲಿ ಎದ್ದು ನಿಲ್ಲತಕ್ಕದ್ದಲ್ಲ. ಒಂದೇ ಪಕ್ಕಕ್ಕೆ ಭಾರ ಹಾಕತಕ್ಕದ್ದಲ್ಲ. ನಾಲ್ಕನೆಯದು, ಸಕಾರಣವಿಲ್ಲದೆ ಕಾಲಾಡಿಸತಕ್ಕದ್ದಲ್ಲ. ತೆಪ್ಪ ನಡೆಸುವ ಮಾದಸ್ವಾಮಿ ಆಕಳಿಸುತ್ತ ಕೇಳಿಸಿಕೊಂಡ. ಅವನು ಹುಟ್ಟಿದಾಗಿನಿಂದ ಯಾವ ಕಾಗದಕ್ಕೂ ರುಜು ಹಾಕದೆ ತೆಪ್ಪ ನಡೆಸಿದವನು.

ವಿಜಯಮ್ಮನನ್ನು ದಂಡೆಯಲ್ಲೇ ಬಿಟ್ಟು ಐದಾರು ಮಾರು ಹೋದೆವು. ಸುಬ್ಬಯ್ಯನವರು ಬೀಸಿದರು, ನೊಣ ಹೂವಿನ ಹಾಗೆ ನೀರಿಗಿಳಿಯಿತು. ಈಗ ನೀವು ಎಂದು, ದೊರೆ ಕಾಣಿಕೆ ಕೊಟ್ಟ ಗಾಳದ ಕೋಲನ್ನು ನನ್ನ ಕೈಗಿತ್ತರು. ಚೌಡೇಶ್ವರಿಯ ಮುಖ ನೆನೆದುಕೊಂಡು ಬಲಗೈ ಬೀಸಿದೆ.

ಓದುಗರೇ, ನೇಕಾರನ ಮೈಯ ಕಥೆ ನಿಮಗೆ ಗೊತ್ತಿರಬೇಕು. ಮಗ್ಗದಲ್ಲಿ ಬಲಗೈ ಲಾಳಿ ಎಸೆದ ಕೂಡಲೇ ಅದನ್ನು ಹಿಡಿಯಲು ಎಡಗೈ ತಾನಾಗಿ ಚಾಚುತ್ತದೆ, ಕಾಲು ತಾನಾಗಿ ಕೆಳಗಿನ ಹಲಗೆ ತುಳಿಯುತ್ತದೆ. ಮೂವತ್ತು ವರ್ಷದಲ್ಲಿ ಈ ಮೂರೂ ನನ್ನ ಅಪ್ಪಣೆ ಕೇಳಿದ್ದಿಲ್ಲ, ಆ ದಿನವೂ ಕೇಳಲಿಲ್ಲ. ಬಲಗೈ ಎಸೆಯಿತು. ಎಡಗೈ ಚಾಚಿ ಸುಬ್ಬಯ್ಯನವರ ಹೆಗಲು ಹಿಡಿಯಿತು. ಬಲಗಾಲು ತೆಪ್ಪದ ಅಂಚನ್ನು ಬಲವಾಗಿ ತುಳಿಯಿತು. ತೆಪ್ಪ ವಾಲಿತೆಂದು ಗಾಬರಿಯಾಗಿ ಎಡಗಾಲೂ ತುಳಿಯಿತು. ಮಾದಸ್ವಾಮಿ ಒಬ್ಬನನ್ನು ಬಿಟ್ಟು ಉಳಿದ ಇಬ್ಬರೂ ನೀರಿಗೆ ಬಿದ್ದೆವು.

ಆಗ ತಿಳಿಯಿತು, ಬುರುಡೆಯನ್ನು ಸೊಂಟಕ್ಕೆ ಕಟ್ಟಿದರೆ ತೇಲುವುದು ಸೊಂಟ ಮಾತ್ರ. ತಲೆ ಮತ್ತು ಕಾಲು ಕೆಳಗೆ, ನೇಕಾರ ಕುಲದ ಮಾನವೆಲ್ಲ ಮೇಲೆ. ಸತ್ತೆ, ಮಗಳ ಮದುವೆಯೂ ಮುರಿಯಿತು ಎಂದುಕೊಂಡು ಎರಡು ಗುಟುಕು ಕಾವೇರಿ ಕುಡಿಯುವಷ್ಟರಲ್ಲಿ ಯಾರೋ ಕೋಟಿನ ಕಾಲರು ಹಿಡಿದು ಎತ್ತಿದರು. ನೋಡಿದರೆ ವಿಜಯಮ್ಮ, ಸೀರೆ ಎತ್ತಿ ಕಟ್ಟಿ ನಿಂತಿದ್ದಾಳೆ.

"ಸೊಂಟದುದ್ದ ನೀರು. ಕಾಲೂರ್ಕಂಡು ನಿಂತ್ಕಳಿ," ಎಂದಳು.

ಒಂದು ಕೈಯಲ್ಲಿ ನನ್ನನ್ನು, ಇನ್ನೊಂದರಲ್ಲಿ ಕನ್ನಡಕ ಕಳೆದುಕೊಂಡು ಆಚೆ ದಡದ ಕಡೆ ನಡೆಯುತ್ತಿದ್ದ ಸುಬ್ಬಯ್ಯನವರನ್ನು ಹಿಡಿದು ದಂಡೆಗೆ ಕರೆತಂದಳು. ದೊರೆ ಕೊಟ್ಟಿದ್ದ ಕೋಲು ನೀರಿನ ಪಾಲಾಗಿತ್ತು. ಸುಬ್ಬಯ್ಯನವರು ಅಂಗಿ ಹಿಂಡಿದರು. ವಿಜಯಮ್ಮ ಏನೂ ಆಗದವಳಂತೆ ಎಲೆ ಹಾಕಿ ಬುತ್ತಿ ಬಡಿಸಿದಳು. ನಾನು ಅನ್ನ ಕಲಸುತ್ತಲೇ ಕೂತೆ. ಐದನೆಯ ಉಪ್ಪಿಟ್ಟೂ ದಂಡವಾಯಿತಲ್ಲ, ಮನೆಗೆ ಹೋಗಿ ಚೌಡೇಶ್ವರಿಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ.

ಸುಬ್ಬಯ್ಯನವರು ಎರಡನೇ ಸಲ ಮೊಸರನ್ನ ಹಾಕಿಸಿಕೊಂಡು ನಿಧಾನವಾಗಿ ತಲೆಯೆತ್ತಿದರು.

"ಒಂದು ಮಾತು ಕೇಳ್ಬೇಕು ಕಣಮ್ಮ. ಹುಡುಗಿ ಗುಣ ಯಾರಂಗೆ? ಅಪ್ಪನಂಗೋ, ನಿಮ್ಮಂಗೋ?"

"ನನ್ನಂಗೇಯ," ಎಂದಳು ವಿಜಯಮ್ಮ.

ಅವರಿಗೆ ನಂಬಿಕೆ ಸಾಲದೆ ನನ್ನ ಕಡೆ ತಿರುಗಿದರು. "ನೀವು ಹೇಳಿ ದೇವಣ್ಣೋರೆ. ನಿಮ್ಮಂಗೆ ಏನೂ ಇಲ್ವಾ?"

ಮಗಳು ಹುಟ್ಟಿದ ದಿನದಿಂದ ಮೂಗು ನನ್ನದು, ಬುದ್ಧಿ ನನ್ನದು, ನಡಿಗೆ ನನ್ನದು ಎಂದು ಬೀದಿಯೆಲ್ಲ ಸಾರಿಕೊಂಡು ಬಂದವನು ನಾನು. ವಿಜಯಮ್ಮ ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ಒಂದ್ ಚೂರೂ ಇಲ್ಲ ಸಾ," ಎಂದೆ.

"ಅಂಗಾದ್ರೆ ತಾಂಬೂಲ ತಕ್ಕಳಿ," ಎಂದರು ಬೀಗರು.